ಶ್ರೀರಂಗಪಟ್ಟಣ ಗೆದ್ದ ಜನರಲ್‌ಗೆ ಸಿಕ್ಕ ಪಾಲೆಷ್ಟು?

ಮೇ 4 ಹತ್ತಿರ ಬಂದರೆ ಸಾಕು, ವಾಟ್ಸಾಪ್ ಗ್ರೂಪುಗಳಲ್ಲಿ ಟಿಪ್ಪು ಜಗಳ ಶುರು. ಮೀರ್ ಸಾದಿಕನಿಗೆ ಬೈಗುಳವೂ ತಪ್ಪಿದ್ದಲ್ಲ. ಆದರೆ 1799ರಲ್ಲಿ ಶ್ರೀರಂಗಪಟ್ಟಣದ ಮೇಲೆ ದಂಡು ತಂದ ಜನರಲ್ ಜಾರ್ಜ್ ಹ್ಯಾರಿಸ್ ಹೆಸರು ಯಾರ ಬಾಯಲ್ಲೂ ಬರಲ್ಲ. ಆ ಯುದ್ಧ ಅರ್ಥವಾಗಬೇಕಾದರೆ ಈತನ ಲೆಕ್ಕ ನೋಡಬೇಕು ಅಂತೀವಿ ನಾವು.

ಹ್ಯಾರಿಸ್ ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಸಾಮಾನ್ಯ ಪಾದ್ರಿಯೊಬ್ಬರ ಮಗ. 1775ರಲ್ಲಿ ಅಮೆರಿಕದ ಬಂಕರ್ ಹಿಲ್ ಕಾಳಗದಲ್ಲಿ ತಲೆಗೆ ಪೆಟ್ಟು ಬಿದ್ದರೂ ಬದುಕಿದ. ಮುಂದೆ ಮದ್ರಾಸಿನ ಸೇನಾಪತಿಯಾದ.

ಕೋಟೆ ಬಿದ್ದ ರಾತ್ರಿ ಸೈನಿಕರು ಮನೆಮನೆ ದೋಚಿದರು. ಕೆಲವರನ್ನು ಗಲ್ಲಿಗೇರಿಸಿದ ಮೇಲೇ ಅದು ನಿಂತಿದ್ದು. ಅರಮನೆಯ ಖಜಾನೆ, ಒಡವೆಗಳನ್ನು ಮಾತ್ರ ಸೇನೆಯೇ ಲೆಕ್ಕ ಹಾಕಿ, ದರ್ಜೆ ಪ್ರಕಾರ ಹಂಚಿಕೊಂಡಿತು. ಅದನ್ನು ‘ಪ್ರೈಜ್ ಮನಿ’ ಅಂದರು. ಲೂಟಿಯೇ, ಹೆಸರು ಬೇರೆ ಅಷ್ಟೆ. ಹ್ಯಾರಿಸ್‌ಗೆ ಎಂಟರಲ್ಲಿ ಒಂದು ಪಾಲು, ಸುಮಾರು 1.42 ಲಕ್ಷ ಪೌಂಡ್. ಸಾಧಾರಣ ಬಿಳಿ ಸೈನಿಕನಿಗೆ ಬಂದದ್ದು 7 ಪೌಂಡ್ ಚಿಲ್ಲರೆ. ಅದೇ ಗುಂಡಿಗೆ ಎದೆಯೊಡ್ಡಿದ ನಮ್ಮ ದೇಶದ ಸಿಪಾಯಿಗೆ ಅದಕ್ಕಿಂತಲೂ ಕಡಿಮೆ. ಹ್ಯಾರಿಸ್ ಪಾಲು ಹೆಚ್ಚಾಯಿತೆಂದು ಕಂಪನಿಯವರೇ ತಕರಾರು ತೆಗೆದರು; ತೀರ್ಪು ಅವನ ಕಡೆಗೇ ಆಯಿತು.

1801ರಲ್ಲಿ ಕೆಂಟಿನಲ್ಲಿ ಬೆಲ್ಮಾಂಟ್ ಎಂಬ ದೊಡ್ಡ ಬಂಗಲೆ ಕೊಂಡ. ಅದು ಈಗಲೂ ಇದೆ. 1815ರಲ್ಲಿ ಬ್ಯಾರನ್ ಪದವಿ ಸಿಕ್ಕಾಗ ಅದರಲ್ಲಿ ಶ್ರೀರಂಗಪಟ್ಟಣ, ಮೈಸೂರು ಎರಡೂ ಸೇರಿದ್ದವು. ನಮ್ಮೂರ ಹೆಸರೂ ಅವನಿಗೇ!

ಕೋಟೆಗೆ ಬರುವ ಶಾಲೆ ಮಕ್ಕಳಿಗೆ ಟಿಪ್ಪು ಬಿದ್ದ ಜಾಗ ತೋರಿಸುತ್ತಾರೆ. ಪಕ್ಕದಲ್ಲೇ ಈ ಹಂಚಿಕೆಯ ಲೆಕ್ಕವನ್ನೂ ಕನ್ನಡದಲ್ಲಿ ಒಂದು ಬೋರ್ಡ್ ಬರೆಸಿ ಎಂಬುದು ನಮ್ಮ ಒತ್ತಾಯ.