ಜಾಲಹಳ್ಳಿಯ ಹುಡುಗರಿಗೆ ಜಗತ್ತಿನ ಬಾಗಿಲು ಮುಚ್ಚಿದವರಾರು?

ಏಪ್ರಿಲ್ ಬಂತೆಂದರೆ ಸಾಕು, ಬೆಂಗಳೂರಿನ ಕಾಸುಳ್ಳವರ ಶಾಲೆಗಳಲ್ಲಿ ಒಂದು ವ್ಯಾಪಾರ ಶುರುವಾಗುತ್ತದೆ. ಹೆಸರು ‘ಲೀಡರ್‌ಶಿಪ್ ಕ್ಯಾಂಪ್’. ವಿಷಯ ಅಂತಾರಾಷ್ಟ್ರೀಯ ವ್ಯವಹಾರ. ಮಕ್ಕಳಿಗೆ ಕೋಟು, ಟೈ ತೊಡಿಸಿ, ಮುಂದೆ ಒಂದೊಂದು ದೇಶದ ಹೆಸರಿನ ಫಲಕ ಇಟ್ಟು ಅಣಕು ವಿಶ್ವಸಂಸ್ಥೆ ನಡೆಸುತ್ತಾರೆ. ಒಬ್ಬ ಫ್ರಾನ್ಸ್, ಒಬ್ಬಳು ಬ್ರೆಜಿಲ್, ಮತ್ತೊಬ್ಬ ಈಜಿಪ್ಟ್. ಫ್ರಾನ್ಸ್ ಆದವನೂ ಇಂಗ್ಲಿಷಿನಲ್ಲೇ ಮಾತಾಡಬೇಕು, ಈಜಿಪ್ಟ್ ಆದವನೂ ಇಂಗ್ಲಿಷಿನಲ್ಲೇ ಸಿಟ್ಟಾಗಬೇಕು!

ಜಾಲಹಳ್ಳಿಯ ಸರ್ಕಾರಿ ಶಾಲೆಯ ಮಕ್ಕಳು ಅಲ್ಲಿಗೆ ಹೋಗಬಲ್ಲರೇ? ಪೀಣ್ಯದಲ್ಲಿ ಲೇತ್ ಮುಂದೆ ನಿಲ್ಲುವವನ ಮಗಳು, ಬೆಳಗ್ಗೆ ಎದ್ದು ಗಾರ್ಮೆಂಟ್ಸಿಗೆ ಓಡುವ ತಾಯಿಯ ಮಗ, ಇವರಿಗೆ ಪ್ರವೇಶವಿಲ್ಲ ಎಂದು ಯಾರೂ ಬೋರ್ಡು ಹಾಕಿಲ್ಲ. ಹಾಕುವ ಅಗತ್ಯವೂ ಇಲ್ಲ. ಬಾಗಿಲಿಗೆ ಎರಡು ಬೀಗ ಇವೆ. ಒಂದು ಫೀಸು, ಇನ್ನೊಂದು ಇಂಗ್ಲಿಷ್. ಮೊದಲನೆಯದನ್ನು ಯಾವನಾದರೂ ದಾನಿ ತೆಗೆದಾನು. ಎರಡನೆಯದನ್ನು ತೆಗೆಯುವವರು ಯಾರು?

ಬೇಸಿಗೆ ರಜೆಯ ಆಟ, ಇದಕ್ಕೂ ಚಳವಳಿಯೇ ಎಂದು ನಗುವವರಿದ್ದಾರೆ. ಇದು ಆಟವಲ್ಲ ಗೆಳೆಯರೇ. ತುಂಬಿದ ಸಭೆಯಲ್ಲಿ ಎದ್ದು ನಿಲ್ಲುವುದು, ಎದುರಾಳಿಯ ಮಾತು ಪೂರ್ತಿ ಕೇಳಿ ಉತ್ತರ ಕೊಡುವುದು, ಕರಾರಿನ ಒಂದೊಂದು ಪದಕ್ಕೂ ಜಗ್ಗಾಡುವುದು, ಇವನ್ನು ಹದಿನಾರನೇ ವಯಸ್ಸಿಗೇ ಕಲಿತವರು ನಾಳೆ ರಾಯಭಾರ ಕಚೇರಿಯಲ್ಲಿ ಕೂರುತ್ತಾರೆ. ಕಲಿಯದವರು ಅದರ ಗೇಟಿನ ಹೊರಗೆ ವೀಸಾ ಸಾಲಿನಲ್ಲಿ ನಿಲ್ಲುತ್ತಾರೆ.

ಇಂಗ್ಲಿಷ್ ಇಲ್ಲದೆ ವಿಶ್ವಸಂಸ್ಥೆ ನಡೆಯುವುದೇ ಇಲ್ಲ ಎಂಬುದು ಹಸಿ ಸುಳ್ಳು. ಅಸಲಿ ವಿಶ್ವಸಂಸ್ಥೆಗೆ ಆರು ಅಧಿಕೃತ ಭಾಷೆಗಳಿವೆ: ಅರೇಬಿಕ್, ಚೀನಿ, ಇಂಗ್ಲಿಷ್, ಫ್ರೆಂಚ್, ರಷ್ಯನ್, ಸ್ಪ್ಯಾನಿಷ್. ಅದರ ಮಹಾಸಭೆಯ ನಿಯಮದ ಪ್ರಕಾರ ಪ್ರತಿನಿಧಿ ಬೇರೆ ಭಾಷೆಯಲ್ಲೂ ಮಾತಾಡಬಹುದು. ಆರರಲ್ಲಿ ಒಂದಕ್ಕೆ ಅನುವಾದಿಸುವವರನ್ನು ಒದಗಿಸಿದರಾಯಿತು. 1977ರಲ್ಲಿ ವಿದೇಶಾಂಗ ಸಚಿವರಾಗಿದ್ದ ವಾಜಪೇಯಿ ಅಲ್ಲಿ ಹಿಂದಿಯಲ್ಲಿ ಮಾತಾಡಿದರು. ಆಕಾಶವೇನೂ ಕಳಚಿ ಬೀಳಲಿಲ್ಲ. ಯುರೋಪ್ ಒಕ್ಕೂಟದಲ್ಲಿ 24 ಅಧಿಕೃತ ಭಾಷೆಗಳು. ಅದರಲ್ಲಿ ಮಾಲ್ಟೀಸ್ ಒಂದು. ಆಡುವವರು ಸುಮಾರು ಐದು ಲಕ್ಷ. 2011ರ ಜನಗಣತಿಯಂತೆ ಕನ್ನಡ ತಾಯ್ನುಡಿಯವರು 4.37 ಕೋಟಿ! ಅಸಲಿಗೆ ಇಲ್ಲದ ಕಟ್ಟುಪಾಡು ಬೆಂಗಳೂರಿನ ನಕಲಿಗೆ ಎಲ್ಲಿಂದ ಬಂತು, ಸ್ವಾಮಿ?

ಜಾಲಹಳ್ಳಿಗೆ ಜಗತ್ತು ಹೊಸದಲ್ಲ. ಎರಡನೇ ಮಹಾಯುದ್ಧದಲ್ಲಿ ಸೆರೆಸಿಕ್ಕ ಇಟಲಿಯ ಸೈನಿಕರನ್ನು ತಂದು ಇಟ್ಟದ್ದು ಈ ಸೀಮೆಯಲ್ಲೇ. 1953ರಲ್ಲಿ ಎಚ್‌ಎಂಟಿ ಬಂತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಕೈಹಿಡಿದು. ಮರುವರ್ಷ ಬಿಇಎಲ್ ಬಂತು, ಫ್ರಾನ್ಸಿನ ಸಿಎಸ್‌ಎಫ್ ಜೊತೆ ಕರಾರು ಮಾಡಿಕೊಂಡು. 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ. ಆ ಯಂತ್ರಗಳನ್ನು ಪಳಗಿಸಿದ ಕಾರ್ಮಿಕರು ರಾಜತಾಂತ್ರಿಕತೆ ಎಂಬ ಪದ ಕೇಳಿದ್ದರೋ ಇಲ್ಲವೋ, ವಿದೇಶದವನ ಜೊತೆ ಕೆಲಸ ಮಾಡಿ ಅವನ ವಿದ್ಯೆ ಕಲಿಯುವುದು ಹೇಗೆ ಎಂಬುದು ಅವರಿಗೆ ಗೊತ್ತಿತ್ತು. ಅವರ ಮೊಮ್ಮಕ್ಕಳಿಗೆ ಈಗ ‘ಇಂಟರ್‌ನ್ಯಾಷನಲ್’ ಅಂದರೆ ಯಾವುದೋ ಶಾಲೆಯ ಗೇಟಿನ ಮೇಲಿನ ಹೆಸರು!

ವಿದೇಶದ ಕಷ್ಟ ಬಡವರ ಮನೆಗೂ ಬರುತ್ತದೆ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಶೆಲ್ ದಾಳಿಗೆ ಸತ್ತದ್ದು ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿ. 2023ರ ಏಪ್ರಿಲ್‌ನಲ್ಲಿ ಸುಡಾನಿನ ಅಂತರ್ಯುದ್ಧದಲ್ಲಿ ಸಿಕ್ಕಿಬಿದ್ದವರಲ್ಲಿ ಗಿಡಮೂಲಿಕೆ ಮಾರಲು ಹೋಗಿದ್ದ ನಮ್ಮ ಹಕ್ಕಿಪಿಕ್ಕಿ ಜನರಿದ್ದರು. ಭಾರತೀಯರನ್ನು ಕರೆತಂದ ಕಾರ್ಯಾಚರಣೆಗೆ ಇಟ್ಟ ಹೆಸರು ‘ಕಾವೇರಿ’. ರಾಯಭಾರ ಕಚೇರಿ ಏನು ಮಾಡಬಲ್ಲದು, ಕದನವಿರಾಮ ಅಂದರೇನು, ಮೂರನೇ ದೇಶದ ಮೂಲಕ ಜನರನ್ನು ಹೊರತೆಗೆಯುವುದು ಹೇಗೆ, ಇವನ್ನು ತಿಳಿಯುವ ಹಕ್ಕು ಆ ಮನೆಗಳ ಮಕ್ಕಳಿಗೆ ಮೊದಲು ಇದೆ.

ಕಾವೇರಿ ಅಂದೊಡನೆ ನಮ್ಮ ರಕ್ತ ಕುದಿಯುತ್ತದೆ. ಕುದಿಯಲಿ, ಆದರೆ ವಾದವೂ ಬೇಕಲ್ಲ! ರಿಯೋ ಗ್ರಾಂಡೆ ನದಿಯ ಜಗಳದಲ್ಲಿ ಅಮೆರಿಕದ ಅಟಾರ್ನಿ ಜನರಲ್ ಹಾರ್ಮನ್ 1895ರಲ್ಲಿ ಒಂದು ಅಭಿಪ್ರಾಯ ಕೊಟ್ಟ: ಮೇಲಿರುವ ನಮ್ಮ ನೀರು ನಮ್ಮದು, ಕೆಳಗಿನ ಮೆಕ್ಸಿಕೋಗೆ ಕೊಡುವ ಬಾಧ್ಯತೆ ಇಲ್ಲ. ಕೊನೆಗೆ ಅದೇ ಅಮೆರಿಕ 1906ರಲ್ಲಿ ಒಪ್ಪಂದ ಮಾಡಿಕೊಂಡು ನೀರು ಬಿಡಲು ಒಪ್ಪಿತು. ನ್ಯಾಯೋಚಿತ ಹಂಚಿಕೆಯ ತತ್ವವನ್ನು 1966ರ ಹೆಲ್ಸಿಂಕಿ ನಿಯಮಗಳು ಬರೆದಿಟ್ಟವು. 2018ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಕಾವೇರಿ ತೀರ್ಪು ಬರೆಯುವಾಗ ಆ ನಿಯಮಗಳನ್ನು ಎದುರಿಗಿಟ್ಟುಕೊಂಡಿತು. ಕರ್ನಾಟಕದ ಪಾಲಿಗೆ 14.75 ಟಿಎಂಸಿ ಹೆಚ್ಚಾಯಿತು, ಅದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆ. ಮೆಜೆಸ್ಟಿಕ್‌ನಲ್ಲಿ ಟೈರು ಸುಟ್ಟು ಬಂದದ್ದಲ್ಲ ಇದು. ಹೇಗ್, ಹೆಲ್ಸಿಂಕಿಯ ಕಾನೂನು ಓದಿದವರು ನಿಂತು ವಾದಿಸಿದ್ದು. ಮುಂದಿನ ವಾದಕ್ಕೆ ಕನ್ನಡದ ಹುಡುಗರನ್ನು ತಯಾರು ಮಾಡುವ ಶಿಬಿರ ಎಲ್ಲಿದೆ?

ಶಿಬಿರ ಹೇಗಿರಬೇಕು ಎಂದು ಕೇಳುತ್ತೀರಾ? ಮೇ ತಿಂಗಳಲ್ಲಿ ಹತ್ತು ದಿನ, ಜಾಲಹಳ್ಳಿಯ ಯಾವುದಾದರೂ ಸರ್ಕಾರಿ ಶಾಲೆ. ರಜೆಯಲ್ಲಿ ಕೊಠಡಿಗಳು ಹೇಗೂ ಖಾಲಿ. ಮೊದಲ ದಿನ ಮಕ್ಕಳನ್ನು ಇದೇ ಊರಿನ ಎಚ್‌ಎಂಟಿ ಮ್ಯೂಸಿಯಂಗೆ ಕರೆದೊಯ್ಯಿರಿ, ನಿವೃತ್ತ ಕಾರ್ಮಿಕರಿಂದ ಮಾತಾಡಿಸಿ. ಆಮೇಲೆ ರಿಯೋ ಗ್ರಾಂಡೆ ಜಗಳ. ಅರ್ಧ ಮಕ್ಕಳು ಅಮೆರಿಕ, ಅರ್ಧ ಮೆಕ್ಸಿಕೋ. ಮೂರನೇ ದಿನ ಪಕ್ಷ ಬದಲಿಸಿ! ಎದುರಾಳಿಯ ಕುರ್ಚಿಯಲ್ಲಿ ಕೂತು ನೋಡದವನಿಗೆ ಸಂಧಾನ ಬರುವುದಿಲ್ಲ.

ವಾದವೆಲ್ಲ ಕನ್ನಡದಲ್ಲಿ. ಪದಗಳಿಲ್ಲ ಎನ್ನಬೇಡಿ. ನಿರ್ಣಯ, ಭದ್ರತಾ ಮಂಡಳಿ, ಕದನವಿರಾಮ, ನಿರ್ಬಂಧ, ವೀಟೋ, ಇವು ದಿನಪತ್ರಿಕೆಯಲ್ಲಿ ನಿತ್ಯ ಬರುವ ಪದಗಳು. ಸಭೆಯ ಮೂಲೆಯಲ್ಲಿ ಇಬ್ಬರು ಮಕ್ಕಳು ಕೂತು ಕೇಳಿದ್ದನ್ನು ಕೇಳಿದಂತೆಯೇ ಇಂಗ್ಲಿಷಿಗೆ, ಹಿಂದಿಗೆ, ತಮಿಳಿಗೆ ತಿರುಗಿಸಲಿ; ಪಾಳಿಯ ಮೇಲೆ ಎಲ್ಲರೂ ಆ ಕೆಲಸ ಮಾಡಲಿ. ವಿಶ್ವಸಂಸ್ಥೆ ನಡೆಯುವುದೇ ಹಾಗೆ. ಇಂಗ್ಲಿಷ್ ಕಲಿಯಲು ಇದಕ್ಕಿಂತ ಒಳ್ಳೆಯ ದಾರಿ ಯಾವುದಿದೆ? ಪೀಣ್ಯಕ್ಕೆ ದುಡಿಯಲು ಬಂದ ಬಿಹಾರ, ಒಡಿಶಾದವರ ಮಕ್ಕಳೂ ಬರಲಿ. ಹತ್ತು ದಿನದಲ್ಲಿ ಅವರೂ ಕನ್ನಡದಲ್ಲಿ ಜಗಳವಾಡುತ್ತಾರೆ.

‘ದೊಡ್ಡ ಹುದ್ದೆಗೆ ಹೋದವರೆಲ್ಲ ಇಂಗ್ಲಿಷಿನವರೇ’ ಎಂಬ ಮಾತು ಬರುತ್ತದೆ. ಮಂಗಳೂರಿನಲ್ಲಿ ಹುಟ್ಟಿ ಅಲ್ಲಿನ ಕೆನರಾ ಹೈಸ್ಕೂಲಿನಲ್ಲಿ ಓದಿದ ಬೆನಗಲ್ ನರಸಿಂಗರಾಯರು 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷ ಪೀಠದಲ್ಲಿದ್ದರು. ನಿಜ, ಅವರು ಕೇಂಬ್ರಿಜ್‌ಗೆ ಹೋಗಿ ಬಂದವರು. ಆಗ ಬೇರೆ ದಾರಿ ಇರಲಿಲ್ಲ. ಈಗ ಐಎಫ್‌ಎಸ್‌ಗೆ ಹೋಗುವ ಯುಪಿಎಸ್‌ಸಿ ಪರೀಕ್ಷೆಯ ಮುಖ್ಯ ಹಂತವನ್ನು ಕನ್ನಡದಲ್ಲೇ ಬರೆಯಬಹುದು, ಸಂದರ್ಶನವನ್ನೂ ಕನ್ನಡದಲ್ಲಿ ಕೊಡಬಹುದು. ಇಂಗ್ಲಿಷಿನ ಒಂದು ಪತ್ರಿಕೆಯಲ್ಲಿ ಪಾಸಾಗಬೇಕು, ಅಷ್ಟೇ. ಸಾಮಾನ್ಯ ಅಧ್ಯಯನದ ಎರಡನೇ ಪತ್ರಿಕೆಯಲ್ಲಿ ಅಂತಾರಾಷ್ಟ್ರೀಯ ಸಂಬಂಧವೇ ಒಂದು ಭಾಗ. ಆದರೆ ಪೂರ್ವಭಾವಿ ಪರೀಕ್ಷೆಯ ಪ್ರಶ್ನೆಪತ್ರಿಕೆ ಹಿಂದಿ, ಇಂಗ್ಲಿಷ್ ಎರಡರಲ್ಲಿ ಮಾತ್ರ. ಹಿಂದಿಯವನು ತನ್ನ ತಾಯ್ನುಡಿಯಲ್ಲಿ ಪ್ರಶ್ನೆ ಓದುತ್ತಾನೆ, ನಮ್ಮವನು ಪರಭಾಷೆಯಲ್ಲಿ! ಆ ಹೋರಾಟ ದೆಹಲಿಯ ಜೊತೆ. ಶಿಬಿರಕ್ಕೆ ದೆಹಲಿಯ ಅಪ್ಪಣೆ ಬೇಕಿಲ್ಲ.

ದುಡ್ಡು ಎಲ್ಲಿಂದ? 2013ರ ಕಂಪನಿ ಕಾಯ್ದೆಯಂತೆ ದೊಡ್ಡ ಕಂಪನಿಗಳು ಲಾಭದ ಶೇ. 2ನ್ನು ಸಮಾಜಕ್ಕೆ ಖರ್ಚು ಮಾಡಬೇಕು. ಅದರಲ್ಲಿ ಶಿಕ್ಷಣವೂ ಸೇರಿದೆ. ವೈಟ್‌ಫೀಲ್ಡ್‌ನಿಂದ ಪೀಣ್ಯದವರೆಗೆ ಈ ನೆಲದ ನೀರು, ಕರೆಂಟು ಬಳಸುವ ಅಂಥ ಕಂಪನಿಗಳಿಗೆ ಕೊರತೆಯಿಲ್ಲ. ನವೆಂಬರ್‌ನಲ್ಲಿ ಆರ್ಕೆಸ್ಟ್ರಾಕ್ಕೆ ಚಂದಾ ಎತ್ತುವ ನಮ್ಮ ಬಡಾವಣೆ ಸಂಘಗಳು ಈ ವರ್ಷ ಒಂದು ರಾತ್ರಿಯ ಧ್ವನಿವರ್ಧಕದ ಬಾಡಿಗೆ ಉಳಿಸಿದರೂ ಮಕ್ಕಳ ಹತ್ತು ದಿನದ ಊಟಕ್ಕೆ ಒಂದಿಷ್ಟು ಆದೀತು. ಫೆಬ್ರವರಿ ಮುಗಿಯುವುದರೊಳಗೆ ಜಾಲಹಳ್ಳಿ, ದಾಸರಹಳ್ಳಿ, ಪೀಣ್ಯದ ಶಾಲೆಗಳ ಮುಖ್ಯೋಪಾಧ್ಯಾಯರನ್ನು, ಕನ್ನಡ ಅಭಿವೃದ್ಧಿ ಪ್ರಾಧಿಕಾರವನ್ನು ಕಂಡು ಅರ್ಜಿ ಕೊಡಿ. ಎರಡು ಕೊಠಡಿ, ಒಂದು ಭೂಪಟ, ಮಧ್ಯಾಹ್ನದ ಅನ್ನ ಸಾರು, ಇಷ್ಟು ಕೇಳಿ. ಇಲ್ಲ ಎಂದರೆ ಯಾಕೆ ಎಂದು ಬರೆದು ಕೊಡಲು ಹೇಳಿ.