ಒಂದೇ ಒಂದು ಡಿಗ್ರಿ

ಎದುರಾಳಿಗಳು ಒಬ್ಬ ದಾಂಡಿಗನಿಗೆ ಎಷ್ಟು ಹೆದರುತ್ತಾರೆ ಎಂಬುದನ್ನು ಅಳೆಯಬಹುದೇ? ಅಮೆರಿಕದ ಬೇಸ್‌ಬಾಲ್‌ನಲ್ಲಿ ಅಳೆಯಬಹುದು. ದಾಂಡಿಗ ಅಪಾಯಕಾರಿ ಎನಿಸಿದರೆ ಎಸೆತಗಾರ ನಾಲ್ಕು ಚೆಂಡುಗಳನ್ನು ಬೇಕೆಂದೇ ಬ್ಯಾಟಿಗೆ ಎಟುಕದಂತೆ ಎಸೆದು, ಅವನನ್ನು ಮೊದಲ ಬೇಸ್‌ಗೆ ಪುಕ್ಕಟೆಯಾಗಿ ಕಳುಹಿಸುತ್ತಿದ್ದ. ‘ನಿನ್ನ ಸಹವಾಸವೇ ಬೇಡ’ ಎಂದು ಕೈಮುಗಿದಂತೆ! ಸ್ಯಾನ್ ಫ್ರಾನ್ಸಿಸ್ಕೋ ಜೈಂಟ್ಸ್ ತಂಡದ ವಿಲ್ಲಿ ಮೆಕೋವಿಗೆ 1969ರ ಒಂದೇ ಋತುವಿನಲ್ಲಿ 45 ಬಾರಿ ಹೀಗೆ ಕೈಮುಗಿದರು. ಆ ದಾಖಲೆ 2002ರವರೆಗೆ ಉಳಿಯಿತು.

ಆರಡಿ ನಾಲ್ಕಂಗುಲ ಎತ್ತರದ ಈ ಎಡಗೈ ದಾಂಡಿಗ ತನ್ನ ವೃತ್ತಿಜೀವನದಲ್ಲಿ 521 ಹೋಮ್ ರನ್ ಹೊಡೆದ. ಹೋಮ್ ರನ್ ಎಂದರೆ ನಮ್ಮ ಸಿಕ್ಸರಿನಂತೆ ಚೆಂಡನ್ನು ಬೇಲಿಯಾಚೆ ಕಳಿಸುವುದು.

ಬೇಸ್‌ಬಾಲ್ ಅಭಿಮಾನಿಗಳ ಹಳೆಯ ಆಡುಮಾತು ಬಲು ಸ್ವಾರಸ್ಯವಾದುದು. ಸುಲಭವಾಗಿ ಕೈಸೇರುವ ಎತ್ತರದ ಹೊಡೆತಕ್ಕೆ ‘ಜೋಳದ ಡಬ್ಬಿ’ ಎನ್ನುತ್ತಾರೆ. ಅಂಗಡಿಯವನು ಮೇಲಿನ ಅಟ್ಟಣೆಯ ಡಬ್ಬಿಯನ್ನು ಕೋಲಿನಿಂದ ಜಾರಿಸಿ ಮಡಿಲಲ್ಲಿ ಹಿಡಿಯುತ್ತಿದ್ದುದರಿಂದ ಈ ಹೆಸರು ಬಂತೆಂದು ಹೇಳುವುದುಂಟು. ಗದ್ದ ಸವರುವಂತೆ ಬರುವ ಎಸೆತ ‘ಗದ್ದದ ಸಂಗೀತ’. ಬಾಣದಂತೆ ನೇರವಾಗಿ ನುಗ್ಗುವ ಹೊಡೆತ ‘ಹೆಪ್ಪುಗಟ್ಟಿದ ಹಗ್ಗ’.

ಇಂಥದೊಂದು ಹಗ್ಗವೇ ಮೆಕೋವಿಯ ಹೆಸರಿಗೆ ಗಂಟುಬಿತ್ತು. 1962ರ ಅಕ್ಟೋಬರ್ 16. ನ್ಯೂಯಾರ್ಕ್ ಯಾಂಕೀಸ್ ವಿರುದ್ಧ ವರ್ಲ್ಡ್ ಸೀರೀಸ್‌ನ ಏಳನೆಯ, ನಿರ್ಣಾಯಕ ಪಂದ್ಯ. ಕೊನೆಯ ಸರದಿಯಲ್ಲಿ ಜೈಂಟ್ಸ್ 0-1ರಿಂದ ಹಿಂದೆ. ಎರಡನೆಯ, ಮೂರನೆಯ ಬೇಸ್‌ಗಳಲ್ಲಿ ಓಟಗಾರರು ಸಿದ್ಧ. ಒಂದು ಒಳ್ಳೆಯ ಹೊಡೆತ ಬಿದ್ದರೆ ಇಬ್ಬರೂ ಓಡಿ ಬಂದು ಗೆಲುವು! ಮೊದಲ ಬೇಸ್ ಖಾಲಿಯಿತ್ತು. ಮೆಕೋವಿಗೆ ಅದನ್ನು ಬಿಟ್ಟುಕೊಡಬಹುದಿತ್ತು. ಆದರೆ ಎಸೆತಗಾರ ರಾಲ್ಫ್ ಟೆರಿ ಎದುರಿಸಿಯೇ ನೋಡಿದ. ಮೆಕೋವಿ ಬಲವಾಗಿ ಬೀಸಿದ. ಚೆಂಡು ನೆಟ್ಟಗೆ ಬಾಬಿ ರಿಚರ್ಡ್‌ಸನ್‌ನ ಕೈಗೆ! ಪಂದ್ಯ ಮುಗಿಯಿತು.

ಚೆಂಡು ಇನ್ನು ಮೂರಡಿ ಮೇಲೆ ಹೋಗಬಾರದಿತ್ತೇ ಎಂದು ಅಭಿಮಾನಿಗಳು ಹಲುಬಿದರು. ಚಾರ್ಲ್ಸ್ ಶುಲ್ಜ್ ತನ್ನ ‘ಪೀನಟ್ಸ್’ ವ್ಯಂಗ್ಯಚಿತ್ರದ ಚಾರ್ಲಿ ಬ್ರೌನ್‌ನ ಬಾಯಲ್ಲೂ ಇದೇ ಅಳಲನ್ನು ಇಟ್ಟ.

ಮಕ್ಕಳೇ, ಕಾಗದ ಪೆನ್ಸಿಲು ತೆಗೆದುಕೊಳ್ಳಿ. ಚೆಂಡು ಬ್ಯಾಟಿನಿಂದ ಹೊರಡುವ ಕೋನ ಒಂದು ಡಿಗ್ರಿಯಷ್ಟು ಹೆಚ್ಚಿದರೆ, 40 ಮೀಟರ್ ದೂರದಲ್ಲಿ ಅದು ಸುಮಾರು 70 ಸೆಂಟಿಮೀಟರ್ ಮೇಲಿರುತ್ತದೆ. ಮೂರಡಿ ಎಂದರೆ ಸುಮಾರು 90 ಸೆಂಟಿಮೀಟರ್. ಅಂದರೆ ಸೋಲು ಗೆಲುವುಗಳ ನಡುವೆ ಇದ್ದುದು ಹೆಚ್ಚುಕಡಿಮೆ ಒಂದೂಕಾಲು ಡಿಗ್ರಿ! ನಿಮ್ಮ ಕೋನಮಾಪಕದಲ್ಲಿ ಅದು ಎಷ್ಟು ಸಣ್ಣದೆಂದು ನೋಡಿ. ಅಷ್ಟಕ್ಕೆ ಒಬ್ಬನನ್ನು ಅಸಮರ್ಥನೆನ್ನಲು ಬರುತ್ತದೆಯೇ? ಮೆಕೋವಿ ಮುಂದೆ ಎಷ್ಟೋ ವರ್ಷ ಆಡಿದ. 1986ರಲ್ಲಿ ಬೇಸ್‌ಬಾಲ್‌ನ ‘ಹಾಲ್ ಆಫ್ ಫೇಮ್’ ಗೌರವ ಪಡೆದ. 2018ರಲ್ಲಿ ತೀರಿಕೊಂಡ.

ಅಂಕಪಟ್ಟಿ ಹಿಡಿದು ಚಿಂತೆಗೆ ಬೀಳುವ ತಂದೆತಾಯಿಯರು ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಅಂದು ಗೆದ್ದ ಟೆರಿಯೇ 1960ರ ವರ್ಲ್ಡ್ ಸೀರೀಸ್‌ನ ಕೊನೆಯ ಎಸೆತದಲ್ಲಿ ಹೋಮ್ ರನ್ ಬಿಟ್ಟುಕೊಟ್ಟು ಯಾಂಕೀಸ್ ಸೋಲಿಗೆ ಕಾರಣನಾಗಿದ್ದ. ಎರಡು ವರ್ಷಗಳ ನಂತರ ತಂಡದವರು ಮತ್ತೆ ಅವನ ಕೈಗೇ ಚೆಂಡು ಕೊಟ್ಟರು.