ನಿಮ್ಮ ಮನೆಯ ಹಣ ಎಷ್ಟು ತಿಂಗಳದ್ದು?

ಕಳೆದ ತಿಂಗಳು ಅರ್ಥಶಾಸ್ತ್ರದ ತರಗತಿಯಲ್ಲಿ ಮೇಡಂ ಒಂದು ಪ್ರಶ್ನೆ ಕೇಳಿದರು: "ನಾಳೆಯಿಂದ ಮನೆಗೆ ದುಡಿಮೆ ಬರುವುದು ನಿಂತರೆ, ಇರುವ ಹಣದಲ್ಲಿ ಎಷ್ಟು ದಿನ ನಡೆಯುತ್ತೆ?"

ಮೊದಲು ಉತ್ತರಿಸಿದವರು ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಕಡೆಯ ಹೊಗೆಸೊಪ್ಪು ಬೆಳೆಗಾರರ ಮಕ್ಕಳು. ಹರಾಜು ನಡೆಯುವ ಕೆಲವು ತಿಂಗಳು ಮಾತ್ರ ಅವರ ಮನೆಗೆ ಹಣ ಬರುತ್ತದೆ. ಅದರಲ್ಲೇ ವರ್ಷ ನೂಕಬೇಕು, ಸಾಲವನ್ನೂ ತೀರಿಸಬೇಕು. ಹಾಗಾಗಿ ಲೆಕ್ಕ ಅವರಿಗೆ ಬಾಯಿಪಾಠ. ತಿಂಗಳ ಸಂಬಳದ ಮನೆಗಳ ನಾವು ಸುಮ್ಮನೆ ಕುಳಿತಿದ್ದೆವು. ನನಗೆ ಉತ್ತರ ಗೊತ್ತಿತ್ತು, ಹೇಳಲು ಸಂಕೋಚವಾಯಿತು. ಈಗ ಬರೆಯುತ್ತಿದ್ದೇನೆ.

ನನ್ನ ಅಬ್ಬಾ ಹುಣಸೂರಿನಿಂದ ದಿನಾ ಬಸ್ಸಿನಲ್ಲಿ ಮೈಸೂರಿನ ಒಂದು ಕಾರ್ಖಾನೆಗೆ ಹೋಗುತ್ತಿದ್ದರು. ಹೋದ ವರ್ಷ ಕೆಲಸ ಹೋಯಿತು. ಮನೆಯಲ್ಲಿ ಮಾತ್ರ "ಹದಿನೈದು ದಿನ ರಜೆ ಕೊಟ್ಟಿದ್ದಾರೆ" ಅಂದರು. ಆ ಹದಿನೈದು ದಿನ ನಾವು ಸಂಬಳ ಬರುವವರ ಹಾಗೆಯೇ ಖರ್ಚು ಮಾಡಿದೆವು. ನೆಂಟರ ಮದುವೆಗೆ 7,000 ರೂಪಾಯಿ ಹೋಯಿತು.

ನಿಜ ತಿಳಿದ ರಾತ್ರಿ ಅಮ್ಮಿ ನನ್ನ ನೋಟ್‌ಬುಕ್ಕಿನ ಕೊನೆಯ ಪುಟ ತೆಗೆದು "ಬರಿ" ಅಂದರು. ಬಾಡಿಗೆ 5,000. ದಿನಸಿ, ಹಾಲು, ತರಕಾರಿ 6,500. ಗ್ಯಾಸು, ಫೋನು, ಇತರೆ 1,500. ದಾದಿಯ ಮಾತ್ರೆ 1,200. ಬೈಕಿನ ಕಂತು 2,800. ಸಂಘದ ಸಾಲದ ಕಂತು 2,400. ಒಟ್ಟು 19,400. ಬ್ಯಾಂಕಿನಲ್ಲಿದ್ದದ್ದು 62,000. ಭಾಗಿಸಿದರೆ ಮೂರು ತಿಂಗಳು ಆರು ದಿನ ಅಷ್ಟೇ. ಮದುವೆಗೆ ಕೊಟ್ಟ ಹಣ ನಮ್ಮ ಹನ್ನೊಂದು ದಿನದ ಬದುಕಾಗಿತ್ತು ಎಂದು ಆಗ ತಿಳಿಯಿತು.

ಉಣ್ಣುವುದರಲ್ಲಿ ಉಳಿಸಲು ಹೆಚ್ಚೇನೂ ಇರಲಿಲ್ಲ. ಹಣವನ್ನು ಬೇಗ ಕರಗಿಸುತ್ತಿದ್ದದ್ದು ಕಂತುಗಳು. ಎರಡೂ ಕಂತು ಇಲ್ಲದಿದ್ದರೆ ಅದೇ 62,000 ನಾಲ್ಕು ತಿಂಗಳು ದಾಟುತ್ತಿತ್ತು. ಬೈಕು ಮಾರಿ ಅದರ ಸಾಲ ತೀರಿಸಿದೆವು. ಎರಡು ವಾರ ಹೆಚ್ಚು ಸಿಕ್ಕಿತು. ನಾಲ್ಕನೇ ತಿಂಗಳಲ್ಲಿ ಅಬ್ಬಾಗೆ ಊರಿನಲ್ಲೇ ಒಂದು ಮರದ ಮಿಲ್ಲಿನಲ್ಲಿ ಕೆಲಸವಾಯಿತು, ಸಂಬಳ ಮೊದಲಿಗಿಂತ ಕಡಿಮೆ. ಮೊದಲ ಸಂಬಳ ಕೈಗೆ ಬರುವ ಹೊತ್ತಿಗೆ ಅಮ್ಮಿಯ ಬಳೆ ಗಿರವಿಗೆ ಹೋಗಿತ್ತು.

ಇನ್ನೊಂದು ವಿಷಯ ತಡವಾಗಿ ತಿಳಿಯಿತು. ಅಬ್ಬಾರ ಸಂಬಳದ ಚೀಟಿಯಲ್ಲಿ ಇಎಸ್‌ಐ ಕಡಿತ ಇತ್ತು. ಇಎಸ್‌ಐ ಇದ್ದು ಕೆಲಸ ಕಳೆದುಕೊಂಡವರಿಗೆ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ ಎಂಬುದೊಂದು 2018ರಲ್ಲೇ ಶುರುವಾಗಿದೆ. 2020ರಲ್ಲಿ ಅದರ ನೆರವನ್ನು ಸರಾಸರಿ ದಿನಗೂಲಿಯ ಕಾಲು ಭಾಗದಿಂದ ಅರ್ಧಕ್ಕೆ ಏರಿಸಿದರು, ಹೆಚ್ಚೆಂದರೆ 90 ದಿನ. ಷರತ್ತುಗಳಿವೆ, ಎಲ್ಲರಿಗೂ ಸಿಗುವುದಿಲ್ಲ. ಆದರೆ ಕೇಳುವುದಕ್ಕಾದರೂ ಹೆಸರು ಗೊತ್ತಿರಬೇಕಲ್ಲ! ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಕೆಲಸ ಹೋಗುವುದು ದುಡಿಯುವವರ ತಪ್ಪಿನಿಂದಲೇ ಅಲ್ಲ. ಚುಂಚನಕಟ್ಟೆಯ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ಬಾಗಿಲು ಹಾಕಿದ್ದನ್ನು ಕೆ.ಆರ್. ನಗರದ ಗೆಳತಿಯರು ಕಂಡಿದ್ದಾರೆ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಆದಾಗ ಎಷ್ಟು ಮನೆಗಳ ದುಡಿಮೆ ಒಂದೇ ದಿನದಲ್ಲಿ ನಿಂತಿತೆಂದು ನಮಗೆಲ್ಲ ನೆನಪಿದೆ. ಹಾಗಿದ್ದೂ ಅಬ್ಬಾ ನಾಚಿಕೆಪಟ್ಟು ಸುಮ್ಮನಿದ್ದರು. ಅವರ ಮೇಲೆ ನನಗೆ ಕೋಪವಿಲ್ಲ. ಇಂಥ ಮಾತನ್ನು ಮಕ್ಕಳ ಮುಂದೆ ಆಡಬಾರದು ಎಂದುಕೊಂಡೇ ನಮ್ಮ ಹಿರಿಯರು ಬೆಳೆದಿದ್ದಾರೆ. ಆ ರೂಢಿ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ನಮಗೆ ಮೊದಲೇ ಹೇಳಿದ್ದರೆ ಹದಿನೈದು ದಿನ ಮೊದಲೇ ಕೈ ಬಿಗಿ ಹಿಡಿಯುತ್ತಿದ್ದೆವು.

ಗೆಳೆಯ ಗೆಳತಿಯರೇ, ಈ ಭಾನುವಾರ ಮನೆಯವರ ಜೊತೆ ಕುಳಿತು ಒಂದು ಪುಟ ಲೆಕ್ಕ ಬರೆಯಿರಿ. ಸಂಬಳದ ಚೀಟಿಯಲ್ಲಿ ಪಿಎಫ್, ಇಎಸ್‌ಐ ಇದೆಯೇ ನೋಡಿ, ನಂಬರುಗಳನ್ನು ಬರೆದಿಡಿ. ಪ್ರಾಂಶುಪಾಲರಲ್ಲಿಯೂ ಒಂದು ವಿನಂತಿ: ಮನೆಯ ಸಂಬಳ ನಿಂತ ವಿದ್ಯಾರ್ಥಿಗಳು ಕಾರಣವನ್ನು ಎಲ್ಲರೆದುರು ಹೇಳದೆ ಫೀಸಿಗೆ ಕಾಲಾವಕಾಶ ಕೇಳುವ ದಾರಿ ಮಾಡಿಕೊಡಿ. ಆ ನಾಲ್ಕು ತಿಂಗಳಲ್ಲಿ ನಾನು ಕಾಲೇಜು ಬಿಡುವ ಮಾತನ್ನು ಮನೆಯಲ್ಲಿ ಎರಡು ಸಲ ಎತ್ತಿದ್ದೆ. ಎರಡೂ ಸಲ ಬೇಡವೆಂದು ಗದರಿದವರು ಅಬ್ಬಾ.